ಮಮತಾ ಪೂಜಾರಿ

ಮಮತಾ ಪೂಜಾರಿ (ಜನನ: ೧೯೮೬) ಕರ್ನಾಟಕದ ಕಬಡ್ಡಿ ಆಟಗಾರ್ತಿ ಹಾಗೂ ಭಾರತ ಮಹಿಳಾ ಕಬಡ್ಡಿ ತಂಡದ ಮಾಜಿ ನಾಯಕಿ. ೨೦೧೦ ಮತ್ತು ೨೦೧೪ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನದ ಪದಕ ಗಳಿಸಿದ ಭಾರತ ತಂಡದಲ್ಲಿ ಇವರಿದ್ದರು. ೨೦೧೨ರ ಮಹಿಳಾ ಕಬಡ್ಡಿ ವಿಶ್ವಕಪ್ಪನ್ನು ಭಾರತವು ಇವರ ನಾಯಕತ್ವದಲ್ಲಿ ಗೆದ್ದಿತು. ೨೦೧೪ರಲ್ಲಿ ಇವರಿಗೆ ಅರ್ಜುನ ಪ್ರಶಸ್ತಿ ಸಂದಿತು.

ಜನನ ಮತ್ತು ವಿದ್ಯಾಭ್ಯಾಸ

ಮಮತಾ ಅವರು ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆ ಗ್ರಾಮದಲ್ಲಿ ಜನಿಸಿದರು. ಶಾಲಾ ದಿನಗಳಲ್ಲಿ ಕಬಡ್ಡಿಯ ಜೊತೆಗೆ ವಾಲಿಬಾಲ್ ಮತ್ತು ಗುಂಡು ಎಸೆತದಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಮುನಿಯಾಲಿನ ಸರ್ಕಾರಿ ಕಾಲೇಜಿನಲ್ಲಿ ಪದವಿಪೂರ್ವ ಶಿಕ್ಷಣ ಮುಗಿಸಿ, ಮಂಗಳೂರಿನ ಶ್ರೀ ಗೋಕರ್ಣನಾಥೇಶ್ವರ ಕಾಲೇಜಿನಲ್ಲಿ ಪದವಿ ವ್ಯಾಸಂಗ ಮಾಡಿದರು. ಹಲವು ಆಟಗಳಲ್ಲಿ ಹಂಚಿಹೋಗಿದ್ದ ಅವರ ಆಸಕ್ತಿ ಕಬಡ್ಡಿಯೊಂದರಲ್ಲಿಯೇ ನೆಲೆಗೊಂಡದ್ದು ಈ ಕಾಲೇಜಿನಲ್ಲಿ.

ಉದ್ಯೋಗ ಮತ್ತು ಆಟ

ಆ ಕಾಲದಲ್ಲಿ ಮಹಿಳೆಯರಿಗೆ ವೃತ್ತಿಪರ ಕಬಡ್ಡಿ ಲೀಗ್ ಇರಲಿಲ್ಲ. ಕಾಲೇಜು ಮುಗಿದ ಮೇಲೆ ಆಟವನ್ನು ಮುಂದುವರಿಸಬೇಕೆಂಬ ಕ್ರೀಡಾಪಟುಗಳಿಗೆ ಸರ್ಕಾರಿ ಇಲಾಖೆಗಳ ಕ್ರೀಡಾ ಮೀಸಲಾತಿಯ ಉದ್ಯೋಗವೇ ಮುಖ್ಯ ಆಸರೆಯಾಗಿತ್ತು. ಅಂತಹ ಉದ್ಯೋಗದಿಂದ ಸಂಬಳದೊಂದಿಗೆ ಅಭ್ಯಾಸಕ್ಕೆ ಅವಕಾಶವೂ ಬಲವಾದ ತಂಡವೂ ದೊರೆಯುತ್ತಿದ್ದವು. ಮಮತಾ ಅವರು ಸಿಕಂದರಾಬಾದಿನಲ್ಲಿ ಕೇಂದ್ರ ಕಚೇರಿಯುಳ್ಳ ದಕ್ಷಿಣ ಮಧ್ಯ ರೈಲ್ವೆಯಲ್ಲಿ ಉದ್ಯೋಗಕ್ಕೆ ಸೇರಿದರು. ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಷಿಪ್‌ಗಳಲ್ಲಿ ಭಾರತೀಯ ರೈಲ್ವೆ ಬಹುಕಾಲದಿಂದ ಪ್ರಬಲ ತಂಡವಾಗಿದೆ.

ಮಹಿಳಾ ಕಬಡ್ಡಿಯ ಸ್ವರೂಪ

ಸಾಂಪ್ರದಾಯಿಕ ನಿಯಮಗಳ ಪ್ರಕಾರ ಮಹಿಳೆಯರ ಅಂಕಣವು ೧೨ ಮೀಟರ್ ಉದ್ದ ಮತ್ತು ೮ ಮೀಟರ್ ಅಗಲವಿರುತ್ತದೆ. ಪುರುಷರ ಅಂಕಣ ೧೩ ಮೀಟರ್ ಉದ್ದ, ೧೦ ಮೀಟರ್ ಅಗಲ. ಮಹಿಳೆಯರ ಪಂದ್ಯದಲ್ಲಿ ತಲಾ ೧೫ ನಿಮಿಷಗಳ ಎರಡು ಅವಧಿಗಳಿರುತ್ತವೆ. ಪ್ರತಿ ತಂಡದಿಂದ ಏಳು ಮಂದಿ ಅಂಕಣಕ್ಕಿಳಿಯುತ್ತಾರೆ. ಒಂದು ರೈಡಿಗೆ ೩೦ ಸೆಕೆಂಡುಗಳ ಮಿತಿಯಿದೆ. ಅಷ್ಟರೊಳಗೆ ರೈಡರ್ ಎದುರಾಳಿಗಳನ್ನು ಮುಟ್ಟಿ ಮಧ್ಯಗೆರೆಗೆ ಮರಳಬೇಕು. ರಕ್ಷಣೆಗೆ ನಿಂತವರು ಕೈಕೈ ಹಿಡಿದು ಸರಪಳಿ ಕಟ್ಟಿ, ಪಾದ, ತೊಡೆ ಅಥವಾ ಸೊಂಟಕ್ಕೆ ಪಟ್ಟು ಹಾಕಿ ಅವರನ್ನು ತಡೆಯುತ್ತಾರೆ. ಅಂಕಣ ಕಿರಿದಾಗಿರುವುದರಿಂದ ರೈಡರ್‌ಗೆ ನುಸುಳಿಕೊಳ್ಳಲು ಸ್ಥಳ ಕಡಿಮೆ. ಹೀಗಾಗಿ ರಕ್ಷಣೆಯ ಹೊಂದಾಣಿಕೆಗೆ ಹೆಚ್ಚಿನ ಮಹತ್ವವಿದೆ.

ಅಂತರರಾಷ್ಟ್ರೀಯ ಸಾಧನೆ

ಪುರುಷರ ಕಬಡ್ಡಿಯು ೧೯೯೦ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಿಂದಲೇ ಪದಕ ಸ್ಪರ್ಧೆಯಾಗಿದ್ದರೂ ಮಹಿಳೆಯರಿಗೆ ಆ ಅವಕಾಶ ದೊರೆತದ್ದು ಇಪ್ಪತ್ತು ವರ್ಷಗಳ ನಂತರ.

• ೨೦೧೦, ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟ: ಮಹಿಳಾ ಕಬಡ್ಡಿಯ ಮೊದಲ ಸ್ಪರ್ಧೆ. ಅಂತಿಮ ಪಂದ್ಯದಲ್ಲಿ ಭಾರತವು ಥಾಯ್ಲೆಂಡನ್ನು ೨೮–೧೪ರಿಂದ ಸೋಲಿಸಿತು.
• ೨೦೧೨, ಪಾಟ್ನಾ ವಿಶ್ವಕಪ್: ಮಮತಾ ಅವರ ನಾಯಕತ್ವದ ತಂಡವು ಅಂತಿಮ ಪಂದ್ಯದಲ್ಲಿ ಇರಾನನ್ನು ೨೫–೧೯ರಿಂದ ಮಣಿಸಿತು.
• ೨೦೧೪, ಇಂಚಾನ್ ಏಷ್ಯನ್ ಕ್ರೀಡಾಕೂಟ: ಭಾರತವು ಇರಾನ್ ವಿರುದ್ಧ ೩೧–೨೧ರಿಂದ ಗೆದ್ದು ಚಿನ್ನವನ್ನು ಉಳಿಸಿಕೊಂಡಿತು. ಈ ತಂಡದ ನಾಯಕಿ ತೇಜಸ್ವಿನಿ ಬಾಯಿ ಅವರೂ ಕರ್ನಾಟಕದವರು.

ವೃತ್ತಿಪರ ಲೀಗ್

ಪುರುಷರ ಪ್ರೊ ಕಬಡ್ಡಿ ಲೀಗ್ ೨೦೧೪ರಲ್ಲಿ ಎಂಟು ತಂಡಗಳೊಂದಿಗೆ ಆರಂಭವಾಯಿತು. ಅದರ ಜೊತೆಯಲ್ಲಿಯೇ ೨೦೧೬ರಲ್ಲಿ ಮೂರು ತಂಡಗಳ ‘ವಿಮೆನ್ಸ್ ಕಬಡ್ಡಿ ಚಾಲೆಂಜ್’ ನಡೆಯಿತು. ಮಮತಾ ಅವರು ಫೈರ್ ಬರ್ಡ್ಸ್ ತಂಡವನ್ನು ಮುನ್ನಡೆಸಿದರು. ಜುಲೈ ೩೧ರಂದು ಹೈದರಾಬಾದಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ತೇಜಸ್ವಿನಿ ಬಾಯಿ ನಾಯಕತ್ವದ ಸ್ಟಾರ್ಮ್ ಕ್ವೀನ್ಸ್ ತಂಡವು ಫೈರ್ ಬರ್ಡ್ಸ್ ತಂಡವನ್ನು ೨೪–೨೩ರಿಂದ, ಕೇವಲ ಒಂದು ಅಂಕದ ಅಂತರದಲ್ಲಿ ಸೋಲಿಸಿತು. ೨೦೧೭ರಲ್ಲಿ ಪುರುಷರ ಲೀಗ್ ಹನ್ನೆರಡು ತಂಡಗಳಿಗೆ ವಿಸ್ತರಿಸಿತು. ಮಹಿಳೆಯರ ಈ ಪಂದ್ಯಾವಳಿ ಮಾತ್ರ ಒಂದೇ ಆವೃತ್ತಿಗೆ ನಿಂತುಹೋಯಿತು. ಮಮತಾ ಅವರ ಪೀಳಿಗೆಯ ಆಟಗಾರ್ತಿಯರು ಲೀಗ್‌ಗಳ ಬೆಂಬಲವಿಲ್ಲದೆ, ಇಲಾಖಾ ತಂಡಗಳಲ್ಲಿ ಆಡುತ್ತಲೇ ಏಷ್ಯಾ ಮಟ್ಟದ ಗೆಲುವುಗಳನ್ನು ಸಾಧಿಸಿದ್ದರು.

ಪ್ರಶಸ್ತಿಗಳು

• ಅರ್ಜುನ ಪ್ರಶಸ್ತಿ, ಭಾರತ ಸರ್ಕಾರ (೨೦೧೪)
• ರಾಜ್ಯೋತ್ಸವ ಪ್ರಶಸ್ತಿ, ಕರ್ನಾಟಕ ಸರ್ಕಾರ (೨೦೧೪)