ಪೈಲಟ್ ಅರ್ಹತೆಗಳ ಚಾಲ್ತಿ

ವಿಮಾನ ಹಾರಿಸಲು ಪೈಲಟ್‌ಗೆ ಲೈಸೆನ್ಸ್ ಒಂದಿದ್ದರೆ ಸಾಲದು. ವೈದ್ಯಕೀಯ ಪ್ರಮಾಣಪತ್ರ, ಆಯಾ ಮಾದರಿಯ ವಿಮಾನದ ರೇಟಿಂಗ್, ಇತ್ತೀಚಿನ ಹಾರಾಟದ ಅನುಭವ ಎಲ್ಲವೂ ಏಕಕಾಲಕ್ಕೆ ಚಾಲ್ತಿಯಲ್ಲಿರಬೇಕು. ಒಂದೊಂದರ ಗಡುವೂ ಬೇರೆ. ಭಾರತದಲ್ಲಿ 2023ರಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸಿನ ಅವಧಿ 5 ವರ್ಷದಿಂದ 10ಕ್ಕೆ ಏರಿತು. ಆದರೆ ಆರೋಗ್ಯ ತಪಾಸಣೆ, ಸಿಮ್ಯುಲೇಟರ್ ಪರೀಕ್ಷೆಗಳ ಗಡುವು ಅದರಿಂದ ಸಡಿಲವಾಗಲಿಲ್ಲ.

ವಾಣಿಜ್ಯ ಪೈಲಟ್‌ಗಳ ಒಂದನೇ ದರ್ಜೆಯ ‘ಮೆಡಿಕಲ್’ ಸಾಮಾನ್ಯವಾಗಿ 12 ತಿಂಗಳಿಗೆ ಮುಗಿಯುತ್ತದೆ. 60 ದಾಟಿದವರಿಗೆ 6 ತಿಂಗಳಿಗೇ. ಬೆಂಗಳೂರಿನಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಈ ತಪಾಸಣೆಯ ಕೇಂದ್ರಗಳಲ್ಲಿ ಒಂದು. ಪ್ರಮಾಣಪತ್ರ ಚಾಲ್ತಿಯಲ್ಲಿದ್ದರೂ, ಹಾರಾಟಕ್ಕೆ ಅಡ್ಡಿಯಾಗುವಷ್ಟು ಆರೋಗ್ಯ ಕೆಟ್ಟಿದೆಯೆಂದು ತಿಳಿದವರು ಹಾರುವಂತಿಲ್ಲ. ಆ ಅನಾರೋಗ್ಯವನ್ನು ಗಡುವಿನ ತಾರೀಖು ನೋಡುವ ಯಾವ ತಂತ್ರಾಂಶವೂ ಕಂಡುಹಿಡಿಯಲಾರದು.

ಎಲ್ಲಕ್ಕಿಂತ ಬೇಗ ಜಾರುವುದು ಕೈಯ ಅಭ್ಯಾಸ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) ನಿಯಮದಂತೆ, ಹಿಂದಿನ 90 ದಿನಗಳಲ್ಲಿ ಅದೇ ಮಾದರಿಯ ವಿಮಾನದಲ್ಲೋ ಮಾನ್ಯತೆ ಪಡೆದ ಸಿಮ್ಯುಲೇಟರ್‌ನಲ್ಲೋ ಕನಿಷ್ಠ 3 ಟೇಕಾಫ್, 3 ಲ್ಯಾಂಡಿಂಗ್ ಮಾಡಿರಬೇಕು. ದಿನಕ್ಕೆ ನಾಲ್ಕು ಊರಿಗೆ ಹಾರುವವರಿಗೆ ಇದು ಲೆಕ್ಕಕ್ಕೇ ಇಲ್ಲ. ಕಷ್ಟವೆಲ್ಲ ಖಂಡಾಂತರ ಮಾರ್ಗಗಳವರದು: ಹದಿನೈದು ಗಂಟೆ ಹಾರಿದರೂ ಇಳಿಸುವುದು ಒಂದೇ ಸಲ, ಕಾಕ್‌ಪಿಟ್ ಹಂಚಿಕೊಳ್ಳುವವರು ಮೂರು ನಾಲ್ಕು ಮಂದಿ. ಲಾಗ್‌ಬುಕ್ಕಿನಲ್ಲಿ ಗಂಟೆಗಳು ರಾಶಿ ಬಿದ್ದಿದ್ದರೂ ಲ್ಯಾಂಡಿಂಗ್ ಸಾಲದೆ ಸಿಮ್ಯುಲೇಟರ್‌ಗೆ ಹೋಗಬೇಕಾಗುತ್ತದೆ.

ತುರ್ತು ಸ್ಥಿತಿ ನಿಭಾಯಿಸುವ ಸಾಮರ್ಥ್ಯದ ಪರೀಕ್ಷೆ ಒಂದು ವರ್ಷದ ಅವಧಿಯಲ್ಲಿ ಎರಡು ಬಾರಿ. ನಾಲ್ಕು ತಿಂಗಳೊಳಗೆ ಒಂದೇ ಬಗೆಯ ಎರಡು ಪರೀಕ್ಷೆ ಮುಗಿಸಿ ವರ್ಷದ ಲೆಕ್ಕ ತೀರಿಸುವಂತಿಲ್ಲ ಎಂಬ ಷರತ್ತೂ ಇದೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಜಾಣ ಷರತ್ತು ಇದೇ: ನಿಯಮ ಎಣಿಸುವುದು ಪರೀಕ್ಷೆಗಳನ್ನಷ್ಟೇ ಅಲ್ಲ, ಅವುಗಳ ನಡುವಿನ ಅಂತರವನ್ನೂ. ರೇಡಿಯೋ ಸಂಭಾಷಣೆಯ ಇಂಗ್ಲಿಷಿಗೂ ಗಡುವಿರುವ ಪರೀಕ್ಷೆ ಉಂಟು; ಅದರಲ್ಲಿ ಅತ್ಯುನ್ನತವಾದ 6ನೇ ಮಟ್ಟ ತಲುಪಿದವರಿಗೆ ಮಾತ್ರ ಮರುಪರೀಕ್ಷೆ ಇಲ್ಲ.

ವಿಮಾನಯಾನ ಕಂಪನಿಗಳಲ್ಲಿ ಈ ತಾರೀಖುಗಳು ರೋಸ್ಟರ್ ತಂತ್ರಾಂಶದೊಳಗಿರುತ್ತವೆ; ಗಡುವು ಮೀರಿದವರ ಹೆಸರನ್ನು ಅದು ಡ್ಯೂಟಿಗೆ ಹಾಕಗೊಡುವುದಿಲ್ಲ. ಆದರೂ ಅರ್ಹತೆ ಇಲ್ಲದೆ ಹಾರಿದರೆ ಪೈಲಟ್ ಜವಾಬ್ದಾರಿಯಿಂದ ನುಣುಚಿಕೊಳ್ಳಲಾಗದು. 2020ರ ಕೋವಿಡ್ ಕಾಲದಲ್ಲಿ ವಿಮಾನಗಳು ನಿಂತು, ಸಿಮ್ಯುಲೇಟರ್ ಕೇಂದ್ರಗಳಿಗೂ ಬೀಗ ಬಿದ್ದಾಗ ಸಹಸ್ರಾರು ಪೈಲಟ್‌ಗಳ ಗಡುವು ಒಟ್ಟೊಟ್ಟಿಗೆ ತೀರುತ್ತ ಬಂತು. ಹಲವು ದೇಶಗಳು ತಾತ್ಕಾಲಿಕ ವಿಸ್ತರಣೆ ಕೊಟ್ಟವು. ಹಾರಾಟ ಮರಳಿದ ಮೇಲೆ ಸಿಮ್ಯುಲೇಟರ್‌ಗಳ ಮುಂದೆ ಸರದಿ ಬೆಳೆಯಿತು.