ಅರ್ಧ ಕಾಳು ಬಿತ್ತಿದವರ ಕಥೆ



ನಮ್ಮಲ್ಲಿ ಸಾಸಿವೆ ಅಂದರೆ ರಾಗಿ ಹೊಲದ ಅಕ್ಕಡಿ ಸಾಲು, ಒಲೆಯ ಮೇಲಿನ ಒಗ್ಗರಣೆ, ಅಷ್ಟೇ. ಬಂಗಾಳ, ಬಿಹಾರಗಳ ಕಡೆ ಹಾಗಲ್ಲ. ಅಲ್ಲಿ ಅಡುಗೆಯೇ ಸಾಸಿವೆ ಎಣ್ಣೆಯಲ್ಲಿ. ಇಂಥ ಎಣ್ಣೆಯ ಗುಣವನ್ನು ತಿದ್ದಿದವರ ಕಥೆ ಹೇಳ್ತೇನೆ, ಕೇಳಿ. ಅದು ಮೊದಲು ನಡೆದದ್ದು ಕೆನಡಾ ದೇಶದಲ್ಲಿ, ಸಾಸಿವೆಯ ದಾಯಾದಿಯಾದ ರೇಪ್ ಎಂಬ ಬೆಳೆಯಲ್ಲಿ.

ಎರಡನೆಯ ಮಹಾಯುದ್ಧದ ಕಾಲ. ಹಡಗಿನ ಉಗಿಯಂತ್ರಗಳಿಗೆ ಹಾಕಲು ಎಣ್ಣೆ ಬೇಕಾಗಿ ಅಲ್ಲಿನ ರೈತರು ರೇಪ್ ಬಿತ್ತಿದರು. ನೀರು, ಉಗಿ ತಾಗಿದರೂ ಈ ಎಣ್ಣೆ ಲೋಹ ಬಿಟ್ಟು ಜಾರುತ್ತಿರಲಿಲ್ಲ. ಯುದ್ಧ ಮುಗಿಯಿತು, ಹಡಗುಗಳು ಡೀಸೆಲ್‌ಗೆ ತಿರುಗಿದವು, ಗಿರಾಕಿ ತಪ್ಪಿತು. ತಿನ್ನೋಣವೆಂದರೆ ಎಣ್ಣೆಯಲ್ಲಿ ಎರೂಸಿಕ್ ಆಮ್ಲ ವಿಪರೀತ. ಅದನ್ನು ತಿಂದ ಇಲಿಗಳ ಹೃದಯದಲ್ಲಿ ಕೊಬ್ಬು ಕೂಡಿದ್ದು ಕಂಡುಬಂತು. ದನಕ್ಕೆ ಹಾಕೋಣವೆಂದರೆ ಹಿಂಡಿಯಲ್ಲಿ ಘಾಟು. ಬೆಳೆದವನ ಗತಿಯೇನು?

ಮ್ಯಾನಿಟೋಬ ವಿಶ್ವವಿದ್ಯಾನಿಲಯದ ಬಾಲ್ಡರ್ ಸ್ಟೆಫಾನ್ಸನ್, ಸಸ್ಕಟೂನಿನ ಕೀತ್ ಡೌನಿ ಎಂಬಿಬ್ಬರು ಹಟ ಹಿಡಿದರು. ಆದರೆ ಎಣ್ಣೆ ಪರೀಕ್ಷಿಸಲು ಕಾಳನ್ನು ಅರೆದರೆ ಬಿತ್ತೋದಕ್ಕೆ ಕಾಳೆಲ್ಲಿ? ಡೌನಿ ಕಡೆಯವರು ಒಂದು ಉಪಾಯ ಮಾಡಿದರು. ನೆನೆದು ಮೊಳೆತ ಕಾಳಿನ ಹೊರಬೇಳೆಯನ್ನಷ್ಟೇ ಬಿಡಿಸಿ ಪರೀಕ್ಷೆಗೆ ಹಾಕಿದರು. ಮೊಳಕೆಯುಳ್ಳ ಒಳಬೇಳೆಯನ್ನು ಮಣ್ಣಿಗೆ ಇಟ್ಟರು. 1963ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಸಾಸಿವೆ ಗಾತ್ರದ ಒಂದೊಂದು ಕಾಳನ್ನೂ ಬಿಡಿಸಿ, ಎರಡು ಪಾಲಿಗೂ ಗುರುತು ಹಾಕಿಡುವ ಕೆಲಸ! ನನ್ನ ಕೈಲಂತೂ ಒಂದು ಗಳಿಗೆಯೂ ಆಗದು.

ಜರ್ಮನಿಯ ಲಿಹೋ ಎಂಬ ಮೇವಿನ ತಳಿಯಲ್ಲಿ ಎರೂಸಿಕ್ ಕಡಿಮೆಯಿರುವ ಗಿಡ ಸಿಕ್ಕಿತು. 1968ರಲ್ಲಿ ಓರೋ ತಳಿ ಬಂತು. ಆಮೇಲೆ ಪೋಲೆಂಡಿನ ಬ್ರೋನೋವ್ಸ್ಕಿ ತಳಿಯಿಂದ ಘಾಟು ತಗ್ಗಿಸುವ ಗುಣವನ್ನೂ ಕೂಡಿಸಿ, 1974ರಲ್ಲಿ ಸ್ಟೆಫಾನ್ಸನ್ ಟವರ್ ತಳಿ ಕೊಟ್ಟರು. ಕೆನೋಲಾ ಎಂಬ ಹೆಸರು 1978ರದು.

ನಮ್ಮ ಸಾಸಿವೆ ಎಣ್ಣೆಯಲ್ಲಿ ನೂರಕ್ಕೆ 40ರಿಂದ 50 ಪಾಲು ಎರೂಸಿಕ್ಕೇ. ದೆಹಲಿಯ ಪೂಸಾ ಸಂಸ್ಥೆಯವರು 2004ರಲ್ಲಿ ಪೂಸಾ ಕರಿಷ್ಮಾ ತಳಿಯಲ್ಲಿ ಅದನ್ನು 2 ಪಾಲಿಗಿಂತ ಕೆಳಗಿಳಿಸಿದರು. 2016ರ ಪೂಸಾ ಸಾಸಿವೆ 31ರಲ್ಲಿ ಹಿಂಡಿಯ ಘಾಟನ್ನೂ ತಗ್ಗಿಸಿದರು. ಘಾಟಿಲ್ಲದ ಎಣ್ಣೆಯನ್ನು ಬಂಗಾಳದ ಗೃಹಿಣಿ ಒಪ್ಪುತ್ತಾಳೋ, ಅದು ಬೇರೆ ಮಾತು.

ಇನ್ನೊಂದು ತೊಡಕಿದೆ. ಜೇನ್ನೊಣ ಪಕ್ಕದ ಹೊಲದ ಹಳೇ ಸಾಸಿವೆಯ ಪರಾಗ ತಂದು ಹಾಕಿದರೆ, ಹಾಗೆ ಕಟ್ಟಿದ ಕಾಳಿನಲ್ಲೇ ಎರೂಸಿಕ್ ಏರಿಬಿಡುತ್ತೆ. ಅದಕ್ಕೇ ಈ ತಳಿಯ ಬೀಜದ ಹೊಲವನ್ನು ಮಿಕ್ಕ ಸಾಸಿವೆಯಿಂದ ದೂರ ಇಡ್ತಾರೆ.