ಶೀತವೋ ಉಷ್ಣವೋ: ಚೀನೀಯ ವೈದ್ಯದಲ್ಲಿ ನೆಗಡಿಯ ವಿಚಾರ

ನೆಗಡಿಯು ಅಲ್ಪವ್ಯಾಧಿ, ನಾಲ್ಕು ದಿನ ಸೀನಿಸಿ ತಾನೇ ತೊಲಗುವುದೆಂಬುದು ಲೋಕರೂಢಿ. ಚೀನಾದೇಶದ ಪ್ರಾಚೀನ ವೈದ್ಯರು ಅದನ್ನು ಅಷ್ಟು ಲಘುವಾಗಿ ಎಣಿಸಲಿಲ್ಲ. ಮಾರಕಜ್ವರಗಳೂ ಮೊದಲ ದಿನ ನೆಗಡಿಯ ವೇಷದಲ್ಲಿಯೇ ಬರುವುದುಂಟು.

ಹಾನ್ ರಾಜವಂಶವು ಕ್ಷೀಣಿಸುತ್ತಿದ್ದ ಕಾಲದಲ್ಲಿ ಚಾಂಗ್ ಚುಂಗ್‌ಚಿಂಗ್ ಎಂಬ ವೈದ್ಯನಿದ್ದನು. ಇನ್ನೂರಕ್ಕೂ ಮಿಕ್ಕಿದ್ದ ತನ್ನ ಕುಲದವರಲ್ಲಿ, ಕ್ರಿ. ಶ. 196ರಿಂದೀಚೆಗೆ ಹತ್ತು ವರ್ಷ ತುಂಬುವುದರೊಳಗೆ, ಮೂರರಲ್ಲಿ ಎರಡು ಪಾಲು ಜನ ಮಡಿದರೆಂದೂ, ಮಡಿದವರಲ್ಲಿ ಹತ್ತಕ್ಕೆ ಏಳು ಮಂದಿ ಶೀತಾಘಾತದಿಂದಲೇ ಸತ್ತರೆಂದೂ ಆತನ ಗ್ರಂಥದ ಪೀಠಿಕೆಯು ಹೇಳುತ್ತದೆ. ಆ ದುಃಖದಿಂದ ಹುಟ್ಟಿದ ಶಾಸ್ತ್ರವೇ ‘ಷಾಂಗ್ ಹಾನ್ ಲುನ್’. ಚಳಿ, ತಲೆನೋವು, ಮೈಕೈನೋವುಗಳಿದ್ದು ಬೆವರು ಬಾರದಿದ್ದರೆ ‘ಮಾಹ್ವಾಂಗ್’ ಎಂಬ ಗಿಡದ ಕಷಾಯ. ಬೆವರು ತಾನಾಗಿ ಒಸರುತ್ತಿದ್ದರೆ ದಾಲ್ಚಿನ್ನಿ ಜಾತಿಯ ಮರದ ಎಳೆಗಡ್ಡಿ, ಹಸಿಶುಂಠಿ, ಜ್ಯೇಷ್ಠಮಧು ಮೊದಲಾದವುಗಳ ಸೌಮ್ಯವಾದ ಕಷಾಯ. ಈ ಎರಡನೆಯದನ್ನು ಕುಡಿದ ಬಳಿಕ ಬಿಸಿಯಾದ ತೆಳುಗಂಜಿಯನ್ನು ಹೀರಿ ಹೊದ್ದು ಮಲಗಬೇಕು. ಬೆವರು ಸಣ್ಣಗೆ ಜಿನುಗಬೇಕೇ ಹೊರತು ನೀರಿನಂತೆ ಹರಿಯಕೂಡದು. ಔಷಧಕ್ಕಿಂತಲೂ ಈ ಉಪಚಾರಕ್ರಮದಲ್ಲಿ ಆತನ ಸೂಕ್ಷ್ಮದೃಷ್ಟಿ ಹೆಚ್ಚಾಗಿ ಕಾಣುವುದು.

ತೊಡಕು ಬಂದುದು ಮುಂದೆ. ಚಳಿ ಅಲ್ಪ, ತಾಪ ಅಧಿಕ. ಗಂಟಲುರಿ, ಬಾಯಾರಿಕೆ, ಹಳದಿಗಟ್ಟಿದ ಸಿಂಬಳ. ಇಂತಹ ರೋಗಿಗೂ ಉಷ್ಣೌಷಧವನ್ನೇ ಕೊಡುವುದು ಉರಿಗೆ ತುಪ್ಪ ಸುರಿದಂತೆ. 1642ರಲ್ಲಿ ವೂ ಯೂಷಿಂಗನು, ಸಾಂಕ್ರಾಮಿಕ ಜ್ವರಗಳಿಗೆ ಶೀತವು ಕಾರಣವಲ್ಲ, ಬಾಯಿಮೂಗುಗಳಿಂದ ಹೊಗುವ ಬೇರೊಂದು ದುಷ್ಟವಾಯುವೇ ಕಾರಣವೆಂದು ಬರೆದನು. ಆದರೂ ರೂಢಿ ಬೇಗ ಬದಲಾಗಲಿಲ್ಲ. ಆ ಬಳಿಕದ ಶತಮಾನದಲ್ಲಿ ವೂ ಚೂತುಂಗನ ಸೋದರನ ಮಗನಿಗೆ ಗಂಟಲುನೋವಿನಿಂದ ಮೊದಲಾಗಿ ಜ್ವರ ಬಂದಿತು. ಕರೆಸಿದ ವೈದ್ಯರಾರಿಗೂ ಉಷ್ಣಜ್ವರದ ಚಿಕಿತ್ಸೆ ತಿಳಿಯದು. ಕಡೆಗೆ ಮೈಯೆಲ್ಲ ಹಳದಿಯಾಗಿ ಅವನು ತೀರಿದನು. 1798ರಲ್ಲಿ ಮುಗಿದ ಚೂತುಂಗನ ‘ವೆನ್ ಪಿಂಗ್ ತಿಯಾವ್ ಪಿಯೆನ್’ ಗ್ರಂಥದ ಹಿಂದೆಯೂ ಹೀಗೆ ಸ್ವಜನರ ಮರಣವುಂಟು. ಹೂವುಗಳೂ ಪುದೀನದ ಜಾತಿಯ ಸೊಪ್ಪೂ ಸೇರಿದ, ತಂಪುಮಾಡುವ ‘ಯಿನ್ ಚಿಯಾವ್’ ಚೂರ್ಣವು ಅದರಿಂದಲೇ ಪ್ರಸಿದ್ಧವಾಯಿತು.

ಸುಶ್ರುತಸಂಹಿತೆಯ ಪಂಚವಿಧ ಪ್ರತಿಶ್ಯಾಯವನ್ನು ಬಲ್ಲವರಿಗೆ ಈ ಭೇದವು ಪರಿಚಿತವೆನಿಸೀತು. ಆದರೆ ಅಲ್ಲಿ ವಿಭಾಗವು ದೇಹದೊಳಗಿನ ವಾತಾದಿಗಳನ್ನು ಹಿಡಿದು. ಇಲ್ಲಿ ಹೊರಗಿನಿಂದ ಬಂದೆರಗಿದುದನ್ನು ಹಿಡಿದು. ನೆಗಡಿಗೆ ವೈರಸ್ಸುಗಳು ಕಾರಣವೆಂದು ಈಗ ಸಿದ್ಧವಾಗಿರುವುದರಿಂದ, ಶೀತೋಷ್ಣಗಳು ಕಾರಣದ ಹೆಸರಾಗಿ ನಿಲ್ಲಲಾರವು. ಲಕ್ಷಣಸಮೂಹದ ಹೆಸರಾಗಿ ನಿಲ್ಲಬಹುದು. ಮಾಹ್ವಾಂಗಿನಿಂದ 1885ರಲ್ಲಿ ಜಪಾನಿನ ನಾಗಾಯಿ ನಾಗಯೋಷಿಯು ಎಫೆಡ್ರಿನ್ ಎಂಬ ಸತ್ವವನ್ನು ಬೇರ್ಪಡಿಸಿದನು. ಅದು ರಕ್ತದೊತ್ತಡವನ್ನು ಏರಿಸತಕ್ಕದ್ದು, ಮನೆಮದ್ದಲ್ಲ.

ಹೊಸ ಮಾರ್ಗವನ್ನು ಹಿಡಿದರೂ ಚೂತುಂಗನು ಹಳೆಯ ಆಚಾರ್ಯನನ್ನು ಬಿಟ್ಟುಕೊಡಲಿಲ್ಲ. ಉಷ್ಣಜ್ವರದ ಆ ಗ್ರಂಥದಲ್ಲಿ ಆತನು ಬರೆದ ಮೊದಲನೆಯ ಯೋಗ, ರೋಗಿಗೆ ಆರಂಭದಲ್ಲಿ ಚಳಿಗಾಳಿ ಸಹಿಸದಿದ್ದಾಗ ಕೊಡಲೆಂದು, ಚುಂಗ್‌ಚಿಂಗನ ದಾಲ್ಚಿನ್ನಿಗಡ್ಡಿಯ ಕಷಾಯವೇ.